ಮಗುವಿನ ಎದೆಯ ಸ್ಕ್ಯಾನಿಂಗ್: ಮಾಡಬೇಕಾದ್ದು, ಮಾಡಬಾರದ್ದು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ತಂದೆತಾಯಿಯರು, ಅಜ್ಜಿಯರು, ಆಶಾ ಕಾರ್ಯಕರ್ತೆಯರ ಗಮನಕ್ಕೆ

ವಿಕಿರಣವಿಲ್ಲದೆ ಮಕ್ಕಳ ಶ್ವಾಸಕೋಶ ನೋಡಲು ಮುಖ್ಯವಾಗಿ ಎರಡು ದಾರಿಗಳಿವೆ. ನಾವು ಸ್ಕ್ಯಾನಿಂಗ್ ಎನ್ನುವ ಅಲ್ಟ್ರಾಸೌಂಡ್ ಒಂದು, ಎಂಆರ್‌ಐ ಇನ್ನೊಂದು. ಯಾವುದು ಬೇಕೆಂಬುದನ್ನು ಕಾಯಿಲೆ ನೋಡಿ ತೀರ್ಮಾನಿಸಬೇಕು, ಎಕ್ಸ್-ರೇ ಮೇಲಿನ ಹೆದರಿಕೆಯಿಂದಲ್ಲ.

ಮಾಡಬೇಕಾದ್ದು

ಮೊದಲು ಉಸಿರು ಎಣಿಸಿ. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಮುಟ್ಟಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಕುಡಿಯಲಾಗದಿದ್ದರೆ 108ಕ್ಕೆ ಕರೆ ಮಾಡಿ. ಅಂಥ ಮಗುವಿಗೆ ಮೊದಲು ಬೇಕಾದದ್ದು ಆಮ್ಲಜನಕ, ಚಿತ್ರ ಆಮೇಲೆ.

ನ್ಯುಮೋನಿಯಾಕ್ಕೆ ಔಷಧಿ ಕೊಟ್ಟರೂ ಜ್ವರ ಇಳಿಯದಿದ್ದರೆ, ಎದೆಯಲ್ಲಿ ನೀರು ತುಂಬಿರಬಹುದೆಂದು ವೈದ್ಯರು ಅನುಮಾನಪಟ್ಟರೆ, ಸ್ಕ್ಯಾನಿಂಗ್ ಮಾಡಿಸಬಹುದೇ ಎಂದು ಕೇಳಿ. ಅದರ ನಿಜವಾದ ಶಕ್ತಿ ಇರುವುದೇ ಇಲ್ಲಿ. ಎಕ್ಸ್-ರೇಯಲ್ಲಿ ಒಂದು ಬದಿ ಬರೀ ಬೆಳ್ಳಗೆ ಕಂಡರೆ, ಅದು ನೀರೋ ಗಟ್ಟಿಯಾದ ಶ್ವಾಸಕೋಶವೋ ಹೇಳುವುದು ಕಷ್ಟ. ಸ್ಕ್ಯಾನಿಂಗ್ ಎರಡನ್ನೂ ಬೇರ್ಪಡಿಸುತ್ತದೆ, ಕೀವಿನಲ್ಲಿ ಎಳೆ ಕಟ್ಟಿದೆಯೇ ತಿಳಿಸುತ್ತದೆ, ಸೂಜಿ ಎಲ್ಲಿ ಚುಚ್ಚಬೇಕೆಂದೂ ತೋರಿಸುತ್ತದೆ. ಮಕ್ಕಳ ಎದೆಗೋಡೆ ತೆಳು, ಪಕ್ಕೆಲುಬಿನ ಬಹುಭಾಗ ಇನ್ನೂ ಮೆದು. ಹಾಗಾಗಿ ದೊಡ್ಡವರಿಗಿಂತ ಚೆನ್ನಾಗಿ ಕಾಣುತ್ತದೆ. ನಾಳೆ ಮತ್ತೆ ನೋಡಬೇಕಾದರೂ ವಿಕಿರಣದ ಚಿಂತೆಯಿಲ್ಲ.

ಮಗುವನ್ನು ಮಡಿಲಲ್ಲೇ ಕೂರಿಸಿಕೊಳ್ಳಿ. ಎದೆಯ ಸ್ಕ್ಯಾನಿಂಗ್‌ಗೆ ಉಪವಾಸ ಬೇಡ, ನೀರು ಕುಡಿಸಿ ಮೂತ್ರ ಕಟ್ಟಿಸುವುದೂ ಬೇಡ. ಅದೆಲ್ಲ ಹೊಟ್ಟೆಯ ಸ್ಕ್ಯಾನಿಂಗ್‌ನ ರೂಢಿ. ಮುಂದೆ, ಪಕ್ಕ, ಬೆನ್ನು ಮೂರೂ ಕಡೆ, ಎಡ ಬಲ ಎರಡೂ ಬದಿ ನೋಡಿಸಿ. ಮುಂದಿನಿಂದ ಎರಡು ಸಲ ಒತ್ತಿ ಬಿಟ್ಟರೆ ಪರೀಕ್ಷೆ ಆದಂತಲ್ಲ. ಮಕ್ಕಳ ಎದೆ ನೋಡಿ ಅಭ್ಯಾಸವಿದೆಯೇ ಎಂದು ಸಂಕೋಚಪಡದೆ ಕೇಳಿ. ಹಸುಳೆಗಳ ಎದೆಯಲ್ಲಿ ಸಹಜವಾಗಿಯೇ ಇರುವ ಥೈಮಸ್ ಗ್ರಂಥಿಯನ್ನು ಅಭ್ಯಾಸವಿಲ್ಲದ ಕಣ್ಣು ನ್ಯುಮೋನಿಯಾ ಎಂದು ಓದಿಬಿಡಬಹುದು.

ಮಾಡಬಾರದ್ದು

ವೈದ್ಯರು ಬೇಕೆಂದ ಎಕ್ಸ್-ರೇಯನ್ನು ಬೇಡ ಅನ್ನಬೇಡಿ. ಎದೆಯ ಒಂದು ಎಕ್ಸ್-ರೇಯ ವಿಕಿರಣ, ನೆಲದಿಂದ, ಆಕಾಶದಿಂದ ಕೆಲವೇ ದಿನಗಳಲ್ಲಿ ನಮಗೆಲ್ಲ ತಾನಾಗಿ ತಗಲುವಷ್ಟು. ಸ್ಕ್ಯಾನಿಂಗ್ ಬಳಸುವ ಶಬ್ದದ ಅಲೆ ಗಾಳಿ ದಾಟಿ ಹೋಗದು; ಗಾಳಿ ತುಂಬಿದ ಶ್ವಾಸಕೋಶದ ಹಿಂದೆ, ನಡುವೆ ಅಡಗಿದ ರೋಗ ಸ್ಕ್ಯಾನಿಂಗ್‌ಗೆ ಕಾಣುವುದಿಲ್ಲ. ಕ್ಷಯದ ಅನುಮಾನವಿದ್ದರೆ ಎಕ್ಸ್-ರೇ ಬೇಕೇ ಬೇಕು, ಕಫದ ಅಥವಾ ಹೊಟ್ಟೆಯಿಂದ ತೆಗೆದ ದ್ರವದ ಪರೀಕ್ಷೆಯೂ ಬೇಕು.

ನೇರವಾಗಿ ಸಿಟಿ ಸ್ಕ್ಯಾನ್ ಮಾಡಿಸಬೇಡಿ. ಅದರ ವಿಕಿರಣ ಎಕ್ಸ್-ರೇಯ ಹತ್ತಾರು ಪಟ್ಟು. ಮಕ್ಕಳ ಅಳತೆಗೆ ಯಂತ್ರ ಹೊಂದಿಸದಿದ್ದರೆ ಇನ್ನೂ ಹೆಚ್ಚು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ದಾವಣಗೆರೆಗೋ ಕಳಿಸಿದಾಗ ಹಳೆಯ ಫಿಲಂ, ವರದಿ ಎಲ್ಲ ಕೊಂಡೊಯ್ಯಿರಿ, ಇಲ್ಲವಾದರೆ ಅದೇ ಚಿತ್ರ ಮತ್ತೆ ತೆಗೆಯುತ್ತಾರೆ.

ಆಡುತ್ತಿದ್ದ ಮಗು ಒಮ್ಮೆಲೇ ಕೆಮ್ಮಿ ಒದ್ದಾಡಿ ಆಮೇಲೆ ಒಂದೇ ಬದಿ ಸುಂಯ್‌ಗುಟ್ಟುತ್ತಿದ್ದರೆ ಸ್ಕ್ಯಾನಿಂಗ್ ನಂಬಿ ಕೂರಬೇಡಿ. ಅಡಿಕೆ ಸುಲಿಯುವ ಅಂಗಳ, ಮೆಕ್ಕೆಜೋಳದ ಕಣ, ಹುರಿದ ಶೇಂಗಾ: ನಮ್ಮ ಊರುಗಳಲ್ಲಿ ಅಪಾಯ ಇರುವುದೇ ಇಲ್ಲಿ. ಉಸಿರುನಾಳಕ್ಕೆ ಇಳಿದ ಕಾಳು, ಹೋಳು ಸ್ಕ್ಯಾನಿಂಗ್‌ನಲ್ಲಿ ಸಿಗದು, ಎಕ್ಸ್-ರೇಯಲ್ಲೂ ಎಷ್ಟೋ ಸಲ ಕಾಣದು. ಕೊಳವೆ ಇಳಿಸಿ ನೋಡಿ ತೆಗೆಯಬಲ್ಲ ಆಸ್ಪತ್ರೆಗೇ ಹೋಗಬೇಕು. ಕೆಮ್ಮಿದ್ದನ್ನು ಕಂಡವರು ಜೊತೆಗಿರಲಿ.

ಸಾಧಾರಣ ನ್ಯುಮೋನಿಯಾಕ್ಕೆ ಎಂಆರ್‌ಐ ಕೇಳಬೇಡಿ. ಶ್ವಾಸಕೋಶದ ತುಂಬ ಗಾಳಿ ಇರುವುದರಿಂದ ಅಲ್ಲಿ ಎಂಆರ್‌ಐ ಚಿತ್ರ ಮಂದ. ಪುಟ್ಟ ಮಕ್ಕಳಿಗೆ ಮಂಪರಿನ ಔಷಧಿಯೂ ಬೇಕಾಗುತ್ತದೆ. ಸಿಸ್ಟಿಕ್ ಫೈಬ್ರೋಸಿಸ್‌ನಂಥ ದೀರ್ಘ ಕಾಯಿಲೆಯಲ್ಲಿ ಪದೇಪದೇ ನೋಡಬೇಕಾದವರಿಗೆ ಅದು ಸರಿ. ಮಾಡಿಸುವುದಾದರೆ ಬೆಳ್ಳಿ ಉಡಿದಾರ, ಕಾಲ್ಗಡಗ, ಓಲೆ ಎಲ್ಲ ತೆಗೆಯಿರಿ. ಝೆನಾನ್ ಅನಿಲ ಉಸಿರಾಡಿಸಿ ತೆಗೆಯುವ ಎಂಆರ್‌ಐಗೆ ಅಮೆರಿಕ 2022ರಲ್ಲಿ 12 ವರ್ಷ ಮೇಲ್ಪಟ್ಟವರಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ಮಕ್ಕಳ ಚಿಕಿತ್ಸೆ ಅದಕ್ಕಾಗಿ ಕಾಯಬೇಕಿಲ್ಲ.

ಆಸ್ತಮಾ ಹುಡುಕಲು ಪ್ರತಿ ಮಳೆಗಾಲ ಚಿತ್ರ ತೆಗೆಸಬೇಡಿ. ಆಸ್ತಮಾ ಚಿತ್ರದಲ್ಲಿ ಪತ್ತೆಯಾಗುವ ಕಾಯಿಲೆಯಲ್ಲ. ಬೇಸಿಗೆಯಲ್ಲಿ ಕಾಡಿಗೆ ಹೋಗಿಬಂದ ಮನೆಯ ಮಗುವಿಗೆ ಜ್ವರ ಬಂದರೆ ಆ ಮಾತನ್ನು ವೈದ್ಯರಿಂದ ಮುಚ್ಚಿಡಬೇಡಿ. ಅದು ಮಂಗನ ಕಾಯಿಲೆಯೂ ಇರಬಹುದು; 1957ರಲ್ಲಿ ಆ ಕಾಯಿಲೆ ಮೊದಲು ಗೊತ್ತಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲೇ. ಅದು ತಿಳಿಯುವುದು ರಕ್ತಪರೀಕ್ಷೆಯಿಂದ, ಎದೆಯ ಚಿತ್ರದಿಂದಲ್ಲ.

ಯಾರೋ ಕೈಚೀಲದಲ್ಲಿ ಯಂತ್ರ ತಂದು ಊರಲ್ಲಿ ಸ್ಕ್ಯಾನಿಂಗ್ ಮಾಡುತ್ತೇವೆಂದರೆ ಮಗುವನ್ನು ಒಡ್ಡಬೇಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಅಂಥ ಯಂತ್ರಕ್ಕೆ ನೋಂದಣಿ ಕಡ್ಡಾಯ. ಒಯ್ಯಬಹುದಾದ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಒಳಗೆ ಅಥವಾ ನೋಂದಾಯಿತ ಸಂಚಾರಿ ವೈದ್ಯ ಘಟಕದಲ್ಲಷ್ಟೇ ಬಳಸಬಹುದು. ಮಗುವಿನ ಎದೆ ನೋಡುವ ಯಂತ್ರಕ್ಕೂ ಇದರಿಂದ ವಿನಾಯಿತಿಯಿಲ್ಲ.