ಹಾಯಿದೋಣಿಯನ್ನು ಕ್ರೇನಿನಿಂದ ನೀರಿಗಿಳಿಸುವ ಮುನ್ನ

ಕ್ರೇನಿನ ಮೇಲೆ ಬರೆದಿರುವ ‘10 ಟನ್’ ಎಂಬುದು ಅದರ ತೋಳು ಬುಡದ ಸಮೀಪವಿದ್ದಾಗಿನ ಸಾಮರ್ಥ್ಯ ಮಾತ್ರ. ತೋಳು ಧಕ್ಕೆಯಾಚೆ ಚಾಚಿದಂತೆಲ್ಲ ಅದು ತೀವ್ರವಾಗಿ ಕುಗ್ಗುತ್ತದೆ. ಆದ್ದರಿಂದ ಬಾಡಿಗೆ ಕರಾರಿಗೆ ಮುನ್ನವೇ ಸದಸ್ಯರು ಭಾರಪಟ್ಟಿಯನ್ನು ಕೇಳಿ ಪಡೆಯತಕ್ಕದ್ದು.

24 ಅಡಿ ಉದ್ದದ ‘ಜೆ/24’ ಮಾದರಿಯ ದೋಣಿಗೆ ತಯಾರಕರು ಹೇಳುವ ತೂಕ ಸುಮಾರು 1,400 ಕಿಲೋ. ತಳದಲ್ಲಿ ನಿಂತ ನೀರು, ಹೆಚ್ಚುವರಿ ಸಾಮಾನು ಇದಕ್ಕೆ ಹೊರತು; ನಮ್ಮ ವೃತ್ತಿಯ ಭಾಷೆಯಲ್ಲಿ, ಪುಸ್ತಕಕ್ಕೆ ಬಾರದ ಹೊಣೆ! ಬೆಲ್ಟಿನ ಎಳೆ ನೇರವಾಗಿದ್ದಾಗ ಹೊರುವ ಭಾರವು, ಅದು ಸಮತಲದಿಂದ 30 ಡಿಗ್ರಿಗೆ ಓರೆಯಾದರೆ ಇಮ್ಮಡಿಯಾಗುತ್ತದೆ. ದೋಣಿಯ ಪಕ್ಕಗಳೂ ಹಿಸುಕಲ್ಪಡುತ್ತವೆ. ಬೆಲ್ಟುಗಳು ಕೀಲಿನ ಹಿಂದೆಮುಂದೆ ಇರಲಿ, ಚುಕ್ಕಾಣಿಗೆ ತಾಗಕೂಡದು.

ಎತ್ತುವಾಗಿನ ಹಾನಿಗೆ ವಿಮೆಯುಂಟೇ ಎಂಬುದನ್ನು ಲಿಖಿತವಾಗಿ ಪಡೆಯಿರಿ. ದೋಣಿ ತೇಲಿದೊಡನೆ ಬೆಲ್ಟು ಕಳಚದೆ, ಒಳಗಿಳಿದು ಸೋರಿಕೆಯನ್ನು ಪರೀಕ್ಷಿಸಿದ ಬಳಿಕವೇ ಕ್ರೇನನ್ನು ಬಿಡುಗಡೆ ಮಾಡಬೇಕು.