ಬೆರಳ ಸಂದಿನ ಕೆಸರುಹುಣ್ಣು: ಯಾವ ಮದ್ದು ಮೇಲು?

ಆಟಿಯ ಮಳೆಯಲ್ಲಿ ಗದ್ದೆಗಿಳಿದವರಿಗೂ, ಅಡಿಕೆ ತೋಟದ ಕಣಿ ಬಿಡಿಸುವವರಿಗೂ, ಹಟ್ಟಿ ತೊಳೆಯುವ ತಾಯಂದಿರಿಗೂ ಸಮನಾಗಿ ಬರುವ ಉಪದ್ರವೊಂದುಂಟು. ಕಾಲ ಕಿರುಬೆರಳಿನ ಸಂದು ಮೊದಲು ಬೆಂದಂತೆ ಬಿಳಿಚಿಕೊಳ್ಳುತ್ತದೆ. ಆಮೇಲೆ ಸಿಪ್ಪೆ ಏಳುತ್ತದೆ. ತುರಿಕೆ, ದುರ್ವಾಸನೆ, ಕೊನೆಗೆ ಬಿರುಕು. ನಾವು ಕೆಸರಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತೇವೆ.

ಕೆಸರು ದಾರಿ ಮಾಡಿಕೊಡುವುದು ಮಾತ್ರ. ಹೆಚ್ಚಿನ ಸಲ ಮೂಲಕಾರಣ ಒಂದು ಬೂಷ್ಟು. ಅದರ ಮುಖ್ಯ ಜಾತಿಗೆ ಟ್ರೈಕೋಫೈಟಾನ್ ರೂಬ್ರಮ್ ಎಂದು ಹೆಸರು. ತೇವ ಆರದ ಚರ್ಮದ ಮೇಲ್ಪದರವೇ ಅದಕ್ಕೆ ಆಹಾರ. ಒಬ್ಬರ ಬೈರಾಸು, ಚಪ್ಪಲಿ, ಬಚ್ಚಲಿನ ಒದ್ದೆ ನೆಲಗಳಿಂದ ಇನ್ನೊಬ್ಬರಿಗೆ ಹರಡುತ್ತದೆ.

ಅಂಗಡಿಯಲ್ಲಿ ಸಿಗುವ ಮದ್ದುಗಳನ್ನು ಈಗ ತೂಗಿ ನೋಡೋಣ.

1. ಟರ್ಬಿನಾಫೈನ್ (ನೂರಕ್ಕೆ 1 ಪಾಲಿನ ಮುಲಾಮು): ಇದು ಬೂಷ್ಟನ್ನು ಕೊಲ್ಲುತ್ತದೆ. ದಿನಕ್ಕೆ ಒಂದೋ ಎರಡೋ ಸಲದಂತೆ 1ರಿಂದ 2 ವಾರ ಹಚ್ಚಿದರೆ ಸಾಮಾನ್ಯವಾಗಿ ಸಾಕು.

2. ಕ್ಲೋಟ್ರಿಮಜೋಲ್ (1 ಪಾಲು), ಮೈಕೋನಜೋಲ್ (2 ಪಾಲು): ಇವು ಮುಖ್ಯವಾಗಿ ಬೂಷ್ಟಿನ ಬೆಳವಣಿಗೆಯನ್ನು ತಡೆಯುತ್ತವೆ. ದಿನಕ್ಕೆ ಎರಡು ಸಲದಂತೆ 4 ವಾರ ಬಿಡದೆ ಹಚ್ಚಬೇಕು.

3. ವಿಟ್‌ಫೀಲ್ಡ್ ಮುಲಾಮು: 6 ಪಾಲು ಬೆಂಜೋಯಿಕ್ ಆಮ್ಲ, 3 ಪಾಲು ಸ್ಯಾಲಿಸಿಲಿಕ್ ಆಮ್ಲ ಸೇರಿದ ಹಳೆಯ ಮದ್ದು. ದಪ್ಪಗಟ್ಟಿದ ಅಂಗಾಲಿಗೆ ಒಳ್ಳೆಯದು. ಬಿರಿದ ಸಂದಿಗೆ ತಾಗಿದರೆ ಉರಿ ತಡೆಯದು.

ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯ ಪ್ರಕಾರ ಮೊದಲೆರಡು ಗುಂಪುಗಳೂ ಗುಣಕಾರಿ. ಟರ್ಬಿನಾಫೈನ್ ಗುಂಪು ತುಸು ಮೇಲು. ನಮಗೆ ಇನ್ನೊಂದು ಲೆಕ್ಕವೂ ಉಂಟು. ನಾಟಿಯ ಗಡಿಬಿಡಿಯಲ್ಲಿ ನಾಲ್ಕು ವಾರ ನೆನಪಿಟ್ಟು ಹಚ್ಚುವವರು ಎಷ್ಟು ಮಂದಿ? ತುರಿಕೆ ನಿಂತೊಡನೆ ಮದ್ದು ಬಿಟ್ಟರೆ ಉಳಿದ ಬೂಷ್ಟು ಮತ್ತೆ ಚಿಗುರುತ್ತದೆ. ಬುಡ ಕೀಳದೆ ತಲೆ ಕೊಯ್ದ ಕಳೆಯ ಕತೆಯೇ ಅದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. "ತುರಿಕೆಗೆ ಏನಾದರೂ ಕೊಡಿ" ಎಂದು ಕೇಳಿದರೆ ಕೆಲವೊಮ್ಮೆ ನಾಲ್ಕಾರು ಮದ್ದು ಬೆರೆಸಿದ ಟ್ಯೂಬು ಕೈಗೆ ಬರುತ್ತದೆ. ಅದರ ಮೇಲಿನ ಬರಹ ನಮ್ಮ ಭಾಷೆಯಲ್ಲಿ ಇರುವುದಿಲ್ಲ. ಆದುದರಿಂದ ಈ ಹೆಸರುಗಳನ್ನು ಗುರುತಿಟ್ಟುಕೊಳ್ಳಿ: ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್. ಇವು ಸ್ಟೆರಾಯ್ಡ್‌ಗಳು. ಹಚ್ಚಿದ ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ಅಡಗುತ್ತದೆ. ಬೂಷ್ಟು ಮಾತ್ರ ಒಳಗೊಳಗೇ ಹಬ್ಬುತ್ತದೆ, ಚರ್ಮ ತೆಳ್ಳಗಾಗುತ್ತದೆ. ಓದು ಬಲ್ಲ ಮಕ್ಕಳಿಂದ ಓದಿಸಿ ನೋಡಿ. ಈ ಹೆಸರು ಇದ್ದರೆ ವೈದ್ಯರ ಮಾತಿಲ್ಲದೆ ಕೊಳ್ಳಬೇಡಿ. ಮೈಲುತುತ್ತು, ಸೀಮೆಎಣ್ಣೆಗಳನ್ನು ಕಾಲಿಗೆ ಹಚ್ಚುವುದೂ ಬೇಡ. ಕೊಳೆರೋಗದ ಮದ್ದು ಅಡಿಕೆಗೇ ಇರಲಿ.

ಮದ್ದಿನಷ್ಟೇ ಮುಖ್ಯ ಒಣಗಿಸುವುದು. ಸಂಜೆ ಕಾಲು ತೊಳೆದು, ಪ್ರತಿಯೊಂದು ಸಂದನ್ನೂ ಒಣಬಟ್ಟೆಯಿಂದ ಒರಸಿ, ಆಮೇಲೆ ಮುಲಾಮನ್ನು ಹುಣ್ಣಿನ ಅಂಚಿನಿಂದ ಸ್ವಲ್ಪ ಆಚೆಯವರೆಗೂ ತೆಳುವಾಗಿ ಸವರಿ, ಕೈ ತೊಳೆದುಕೊಳ್ಳಿ. ರಬ್ಬರ್ ಬೂಟು ಹಾಕುವವರು ಅದರ ಒಳಗನ್ನು ಚೆನ್ನಾಗಿ ಆರಿಸಬೇಕು. ಬೈರಾಸು ಒಬ್ಬೊಬ್ಬರಿಗೂ ಬೇರೆಯೇ ಇರಲಿ.

ಸಕ್ಕರೆ ಕಾಯಿಲೆಯವರು ಮನೆಮದ್ದಿಗೆ ಕಾಯದೆ ಮೊದಲೇ ಆಸ್ಪತ್ರೆಗೆ ಹೋಗತಕ್ಕದ್ದು. ಕಾಲು ಬಾತು ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ಜ್ವರ ಬಂದರೆ, ಬಿರುಕಿನ ಮೂಲಕ ಬೇರೆ ರೋಗಾಣು ಒಳಹೊಕ್ಕಿದೆ ಎಂದೇ ತಿಳಿಯಬೇಕು. ಅಂದೇ ವೈದ್ಯರನ್ನು ಕಾಣಬೇಕು. ಎರಡು ವಾರ ಸರಿಯಾಗಿ ಹಚ್ಚಿಯೂ ಇಳಿಯದಿದ್ದರೆ ಮದ್ದು ಹೆಚ್ಚಿಸಬೇಡಿ. ವೈದ್ಯರು ಚರ್ಮದ ಸಿಪ್ಪೆಯನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಬೂಷ್ಟು ಹೌದೋ ಅಲ್ಲವೋ ಎಂದು ಹೇಳಬಲ್ಲರು.

ಎತ್ತಿನ ಗೊರಸಿಗೆ ಹುಣ್ಣಾದರೆ ನಾವು ಅಂದೇ ಓಡಾಡುತ್ತೇವೆ. ಗದ್ದೆಗಿಳಿಯುವ ನಮ್ಮ ಕಾಲಿಗೂ ಅಷ್ಟು ಆರೈಕೆ ಸಲ್ಲಲಿ.