ಕೈಬಿಟ್ಟ ಗಣಕಫಲಕಕ್ಕೆ ಬೇರೊಂದು ಲಿನಕ್ಸ್

ಯಾದವಗಿರಿಯ ಆಕಾಶವಾಣಿ ನಿಲಯದ ಪೂರ್ವಕಥೆಯು ನಮ್ಮಲ್ಲಿ ಅನೇಕರಿಗೆ ತಿಳಿದೇ ಇದೆ. ೧೯೩೫ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು, ಈಗಿನ ನಿಲಯಕ್ಕೆ ಅನತಿದೂರದಲ್ಲಿದ್ದ ತಮ್ಮ ‘ವಿಠ್ಠಲ ವಿಹಾರ’ದಲ್ಲಿ ೩೦ ವಾಟ್ ಶಕ್ತಿಯ ಚಿಕ್ಕ ಪ್ರೇಷಕಯಂತ್ರವೊಂದನ್ನಿಟ್ಟು ಬಾನುಲಿ ಪ್ರಸಾರವನ್ನು ಆರಂಭಿಸಿದರು. ಯಂತ್ರಶಾಸ್ತ್ರವು ಅವರ ಪಾಠದ ವಿಷಯವಾಗಿರಲಿಲ್ಲ. ಆದರೂ ಯಂತ್ರದ ಒಳಗುಟ್ಟನ್ನು ತಿಳಿಯುವುದು ಬೇರೆಯವರ ಕೆಲಸವೆಂದು ಅವರು ಭಾವಿಸಲಿಲ್ಲ. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಗಣಕಯಂತ್ರವನ್ನು ಕುರಿತು ಬರೆಯಲು ಹೊರಟಿರುವುದಕ್ಕೆ ಇಷ್ಟು ಸಮರ್ಥನೆ ಸಾಕೆಂದು ನಂಬುತ್ತೇನೆ.

ತಯಾರಕರು ಕೈಬಿಟ್ಟ ಚಿಕ್ಕ ಗಣಕಗಳಲ್ಲಿ ಬೇರೊಂದು ಲಿನಕ್ಸನ್ನು ನೆಲೆಗೊಳಿಸುವುದು ಹೇಗೆ, ಅದು ಏತಕ್ಕೆ ಸಾಧ್ಯವಾಗುತ್ತದೆ, ಎಲ್ಲಿ ಸಾಧ್ಯವಾಗುವುದಿಲ್ಲ ಎಂಬ ಮೂರು ವಿಷಯಗಳನ್ನು ಈ ಲೇಖನದಲ್ಲಿ ವಿಚಾರಿಸೋಣ.

ಏಕಫಲಕ ಗಣಕವೆಂದರೇನು?

ಅಂಗೈಯಗಲದ ಒಂದೇ ಹಲಗೆಯ ಮೇಲೆ ಸಂಸ್ಕಾರಕ, ಸ್ಮೃತಿ, ಪರದೆ ಮತ್ತು ಕೀಲಿಮಣೆಗಳ ಜೋಡಣೆ ಎಲ್ಲವೂ ಅಡಕವಾಗಿರುವ ಗಣಕವೇ ಏಕಫಲಕ ಗಣಕ. ೨೦೧೨ರ ಫೆಬ್ರವರಿ ೨೯ರಂದು ಇಂಗ್ಲೆಂಡಿನ ರಾಸ್ಪ್‌ಬೆರಿ ಪೈ ಮಾರಾಟಕ್ಕೆ ಬಂದ ಮೇಲೆ ಇಂಥವು ಪ್ರಪಂಚದಲ್ಲೆಲ್ಲ ಹರಡಿದುವು. ಅದನ್ನು ನೋಡಿ ಹತ್ತಾರು ತಯಾರಕರು ಬಗೆಬಗೆಯ ಫಲಕಗಳನ್ನು ಅಗ್ಗದ ಬೆಲೆಗೆ ಮಾರಿದರು.

ಆದರೆ ಚಿಕ್ಕ ಗಣಕ, ಅದರಲ್ಲಿ ಲಿನಕ್ಸ್, ಅದಕ್ಕೆ ಕನ್ನಡ ಎಂಬ ಕಲ್ಪನೆಯು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು ಅಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಸೇರಿ ರೂಪಿಸಿದ ‘ಸಿಂಪ್ಯೂಟರ್’ ೨೦೦೧ರಲ್ಲಿಯೇ ಪ್ರದರ್ಶಿತವಾಯಿತು. ೨೦೦೪ರಲ್ಲಿ ‘ಅಮಿಡಾ’ ಎಂಬ ಹೆಸರಿನಿಂದ ಅದು ಮಾರುಕಟ್ಟೆಗೂ ಬಂದಿತು. ಓದು ಬಾರದ ಹಳ್ಳಿಗರಿಗೂ ನೆರವಾಗಬೇಕೆಂಬುದು ಅದರ ಉದ್ದೇಶ. ಆದಕಾರಣ ಬರೆದುದನ್ನು ಕನ್ನಡದಲ್ಲಿ ಉಚ್ಚರಿಸುವ ‘ಧ್ವನಿ’ ಎಂಬ ತಂತ್ರಾಂಶವನ್ನು ಡಾ. ರಮೇಶ್ ಹರಿಹರನ್ ಅವರು ರಚಿಸಿದರು. ಕೆಲವು ವರ್ಷಗಳಲ್ಲಿ ಆ ಯಂತ್ರವು ಮರೆಯಾಯಿತು. ‘ಧ್ವನಿ’ಯಾದರೋ ಎಲ್ಲರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶವಾಗಿದ್ದುದರಿಂದ ಬೇರೆಯವರ ಕೈಯಲ್ಲಿ ಬೇರೆ ಭಾಷೆಗಳಿಗೂ ಬೆಳೆಯಿತು. ಯಂತ್ರವು ಅಳಿದರೂ ತೆರೆದು ಬರೆದಿಟ್ಟ ವಿದ್ಯೆಯು ಉಳಿಯುತ್ತದೆ ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

‘ಬೆಂಬಲವಿಲ್ಲ’ ಎಂಬುದರ ಅರ್ಥ

ಲಿನಕ್ಸ್ ಎಂಬುದು ನಿಜವಾಗಿ ೧೯೯೧ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಕರ್ನೆಲ್ಲಿನ, ಅಂದರೆ ಗಣಕದ ತಿರುಳು ತಂತ್ರಾಂಶದ, ಹೆಸರು. ಆ ತಿರುಳಿಗೆ ಸಾವಿರಾರು ಉಪಯುಕ್ತ ತಂತ್ರಾಂಶಗಳನ್ನು ಕೂಡಿಸಿ ಹಂಚುವುದಕ್ಕೆ ‘ವಿತರಣೆ’ ಎಂದು ಹೆಸರು. ೧೯೯೩ರಿಂದ ನಡೆದುಬಂದಿರುವ ಡೆಬಿಯನ್ ಇಂಥ ವಿತರಣೆಗಳಲ್ಲೊಂದು.

ತಯಾರಕರು ಫಲಕದೊಡನೆ ತಮ್ಮದೇ ಒಂದು ವ್ಯವಸ್ಥೆಯನ್ನು ಕೊಡುತ್ತಾರೆ. ಒಂದೆರಡು ವರ್ಷಗಳಲ್ಲಿ ಹೊಸ ಫಲಕವನ್ನು ಮಾರತೊಡಗಿ ಹಳೆಯದನ್ನು ಮರೆಯುತ್ತಾರೆ. ಆಲ್‌ವಿನ್ನರ್ ಸಂಸ್ಥೆಯ ಎಚ್-೩ ಎಂಬ ಚಿಪ್ಪಿನ ಉದಾಹರಣೆಯನ್ನೇ ನೋಡಿ. ಅದಕ್ಕೆ ಚಿಪ್ಪಿನವರು ಕೊಟ್ಟ ತಿರುಳು ೩.೪ನೆಯ ಆವೃತ್ತಿಯದು. ಮೂಲ ಲಿನಕ್ಸಿನವರು ಆ ಆವೃತ್ತಿಯನ್ನು ಪ್ರಕಟಿಸಿದ್ದು ೨೦೧೨ರಲ್ಲಿ, ಅದರ ಪೋಷಣೆಯನ್ನು ನಿಲ್ಲಿಸಿದ್ದು ೨೦೧೬ರಲ್ಲಿ. ಅದೇ ೨೦೧೬ರಲ್ಲಿ ಆ ತಿರುಳಿನಲ್ಲಿ ಒಂದು ಹಿಂಬಾಗಿಲಿರುವುದು ಪ್ರಕಟವಾಯಿತು. ‘ರೂಟ್‌ಮೈಡಿವೈಸ್’ ಎಂಬ ಒಂದು ಪದವನ್ನು ಒಂದು ನಿಯತ ಕಡತಕ್ಕೆ ಬರೆದರೆ ಸಾಮಾನ್ಯ ಬಳಕೆದಾರನಿಗೂ ಯಂತ್ರದ ಸರ್ವಾಧಿಕಾರವು ದೊರೆಯುತ್ತಿತ್ತು! ಹೀಗಿರುವಲ್ಲಿ ‘ಕೆಲಸ ನಡೆಯುತ್ತಿದೆಯಲ್ಲ, ಹಾಗೆಯೇ ಇರಲಿ’ ಎಂಬ ಉದಾಸೀನವು ಸಲ್ಲದು. ಇಂಥ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸುವುದು ಬೀಗವಿಲ್ಲದ ಮನೆಯಲ್ಲಿ ಹಣವಿಟ್ಟಂತೆ.

ಒಂದೇ ವ್ಯವಸ್ಥೆ ಎಲ್ಲಕ್ಕೂ ಏಕೆ ಹೊಂದದು?

ಮೇಜಿನ ಮೇಲಿನ ಸಾಮಾನ್ಯ ಗಣಕದಲ್ಲಿ ತನ್ನಲ್ಲಿ ಏನೇನಿದೆ ಎಂಬುದನ್ನು ಯಂತ್ರವೇ ವ್ಯವಸ್ಥೆಗೆ ತಿಳಿಸುತ್ತದೆ. ಈ ಚಿಕ್ಕ ಫಲಕಗಳಲ್ಲಿ ಬಹುಮಟ್ಟಿಗೆ ಆ ಅನುಕೂಲವಿಲ್ಲ. ಯಾವ ಕಾಲಿಗೆ ದೀಪ, ಯಾವ ತಂತಿಗೆ ಜಾಲಸಂಪರ್ಕ, ಎಲ್ಲಿಂದ ವಿದ್ಯುತ್ತು ಎಂಬುದನ್ನು ಹೊರಗಿನಿಂದಲೇ ಹೇಳಬೇಕು. ಮೊದಮೊದಲು ಪ್ರತಿ ಫಲಕದ ವಿವರವನ್ನೂ ತಿರುಳಿನೊಳಗೇ ಬರೆಯುತ್ತಿದ್ದರು. ೨೦೧೧ರಲ್ಲಿ ಈ ಗೊಂದಲವನ್ನು ಟೋರ್ವಾಲ್ಡ್ಸರೇ ಕಟುವಾಗಿ ಆಕ್ಷೇಪಿಸಿದರು. ಅನಂತರ ಫಲಕದ ವಿವರವನ್ನು ‘ಡಿವೈಸ್ ಟ್ರೀ’ ಎಂಬ ಬೇರೆಯೇ ಕಡತದಲ್ಲಿ ಬರೆಯುವ ಪದ್ಧತಿಯು ಬೇರೂರಿತು. ಇದನ್ನು ಸಾಧನವೃಕ್ಷವೆಂದು ಕರೆಯೋಣ.

ನಮ್ಮ ನಾಟಕ ಕಂಪನಿಗಳನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಕಂಪನಿಯು ಊರಿಂದೂರಿಗೆ ಹೋದರೂ ನಾಟಕವು ಅದೇ, ನಟರೂ ಅವರೇ. ಆದರೆ ಊರಿನ ರಂಗಮಂದಿರವು ಬೇರೆ. ಬಾಗಿಲೆಲ್ಲಿ, ಪರದೆಯ ಹಗ್ಗವೆಲ್ಲಿ, ದೀಪವೆಲ್ಲಿ ಎಂಬುದನ್ನು ಮುಂದಾಗಿ ಹೋದವನು ಪಟ್ಟಿಮಾಡಿ ಕೊಡಬೇಕು. ವಿತರಣೆಯೇ ನಾಟಕ, ಸಾಧನವೃಕ್ಷವೇ ಆ ಪಟ್ಟಿ, ಮೊದಲು ಬಾಗಿಲು ತೆರೆದು ಪರದೆ ಎತ್ತುವವನೇ ‘ಬೂಟ್‌ಲೋಡರ್’. ಪಟ್ಟಿಯೊಂದನ್ನು ಸರಿಯಾಗಿ ಬರೆದರೆ ಹಳೆಯ ಮಂದಿರದಲ್ಲಿಯೂ ಹೊಸ ನಾಟಕವನ್ನು ಆಡಬಹುದು. ನನ್ನ ಇಡೀ ಲೇಖನದ ಸಾರವು ಇಷ್ಟೇ.

ಇದಲ್ಲದೆ ಸಂಸ್ಕಾರಕದ ಭಾಷೆಯೂ ಹೊಂದಬೇಕು. ಮೊದಲ ರಾಸ್ಪ್‌ಬೆರಿ ಪೈಯ ಸಂಸ್ಕಾರಕವು ಆರ್ಮ್ ವಂಶದ ಆರನೆಯ ತಲೆಮಾರಿನದು. ಡೆಬಿಯನ್ನಿನ ‘ಆರ್ಮ್-ಎಚ್‌ಎಫ್’ ಎಂಬ ವೇಗದ ಆವೃತ್ತಿಯು ಏಳನೆಯದನ್ನು ಬೇಡುತ್ತಿತ್ತು. ಮೈಕ್ ಥಾಂಪ್ಸನ್ ಮತ್ತು ಪೀಟರ್ ಗ್ರೀನ್ ಎಂಬಿಬ್ಬರು ಮುಂದೆ ನಿಂತು ೨೦೧೨ರಲ್ಲಿ ಆ ತಂತ್ರಾಂಶರಾಶಿಯನ್ನೆಲ್ಲ ಆರನೆಯ ತಲೆಮಾರಿಗಾಗಿ ಮತ್ತೆ ಕಟ್ಟಿದರು. ಅದೇ ‘ರಾಸ್ಪ್‌ಬಿಯನ್’. ‘ಹೊಂದುವುದಿಲ್ಲ’ ಎಂಬ ಮಾತನ್ನು ಕೊನೆಯ ತೀರ್ಪೆಂದು ಭಾವಿಸಬಾರದೆಂಬುದಕ್ಕೆ ಇದು ಸಾಕ್ಷಿ.

ಯಂತ್ರವು ಎಚ್ಚರಗೊಳ್ಳುವ ಕ್ರಮ

ಎಚ್-೩ ಚಿಪ್ಪಿನೊಳಗೆ ಅಳಿಸಲಾಗದ ಒಂದು ಪುಟ್ಟ ಆದೇಶಮಾಲೆಯಿದೆ. ವಿದ್ಯುತ್ತು ಬಂದೊಡನೆ ಅದು ಸ್ಮೃತಿಕಾರ್ಡಿನ ಆರಂಭದಿಂದ ೮ ಕಿಲೋಬೈಟ್ ದೂರದಲ್ಲಿ ಒಂದು ಗುರುತನ್ನು ಹುಡುಕುತ್ತದೆ. ಅಲ್ಲಿ ೩೨ ಕಿಲೋಬೈಟಿಗೆ ಮೀರದ ಮೊದಲ ಹಂತದ ಬೂಟ್‌ಲೋಡರ್ ಇರಬೇಕು. ಅದು ಫಲಕದ ಸ್ಮೃತಿಯನ್ನು ಸಿದ್ಧಗೊಳಿಸಿ, ೪೦ನೆಯ ಕಿಲೋಬೈಟಿನಿಂದ ಆರಂಭವಾಗುವ ‘ಯು-ಬೂಟ್’ ಎಂಬ ದೊಡ್ಡ ಹಂತವನ್ನು ಕರೆಯುತ್ತದೆ. ಯು-ಬೂಟ್ ತಿರುಳನ್ನೂ ಸಾಧನವೃಕ್ಷವನ್ನೂ ಓದಿ ತಿರುಳಿಗೆ ಅಧಿಕಾರವನ್ನು ಒಪ್ಪಿಸುತ್ತದೆ.

ಇದರಿಂದ ಎರಡು ಎಚ್ಚರಿಕೆಗಳು ಹೊರಡುತ್ತವೆ. ಹೊಸ ಮಾದರಿಯ ವಿಭಜನಾಕೋಷ್ಟಕವಾದ ‘ಜಿಪಿಟಿ’ಯು ಕಾರ್ಡಿನ ಮೊದಲ ೧೭ ಕಿಲೋಬೈಟನ್ನು ಆಕ್ರಮಿಸುವುದರಿಂದ ೮ನೆಯ ಕಿಲೋಬೈಟಿನ ಬೂಟ್‌ಲೋಡರಿಗೂ ಅದಕ್ಕೂ ಘರ್ಷಣೆಯಾಗುತ್ತದೆ. ಆದಕಾರಣ ಹಳೆಯ ‘ಎಂಬಿಆರ್’ ಮಾದರಿಯನ್ನು ಬಳಸುವುದು ಸುಲಭದ ದಾರಿ. ಎರಡನೆಯದಾಗಿ, ಕಾರ್ಡಿನಲ್ಲಿ ಏನೂ ಸಿಕ್ಕದಿದ್ದರೆ ಚಿಪ್ಪು ‘ಫೆಲ್’ ಎಂಬ ಸ್ಥಿತಿಗೆ ಬಂದು ಯುಎಸ್‌ಬಿ ತಂತಿಯ ಮೂಲಕ ಆದೇಶಕ್ಕಾಗಿ ಕಾಯುತ್ತದೆ. ಕಾರ್ಡನ್ನು ಎಷ್ಟು ಸಲ ತಪ್ಪಾಗಿ ಬರೆದರೂ ಫಲಕವು ಕೆಡುವುದಿಲ್ಲವೆಂಬುದು ಕಲಿಯುವವನಿಗೆ ದೊಡ್ಡ ಧೈರ್ಯ.

ಕಾರ್ಯಕ್ರಮ

ನನ್ನಲ್ಲಿದ್ದುದು ಬಂಧುಗಳೊಬ್ಬರ ಅಂಗಡಿಯಲ್ಲಿ ಜಾಹೀರಾತು ತೋರಿಸಿ ಮೂಲೆಗೆ ಸೇರಿದ್ದ ಎಚ್-೩ ಫಲಕ. ಸ್ಮೃತಿ ೧ ಗಿಗಾಬೈಟ್. ಯಾವ ವಿತರಣೆಯ ಪಟ್ಟಿಯಲ್ಲಿಯೂ ಅದರ ಹೆಸರಿರಲಿಲ್ಲ. ನಾನು ಅನುಸರಿಸಿದ ಕ್ರಮವನ್ನು ಇತರರಿಗೂ ಸಲ್ಲುವಂತೆ ಹೇಳುತ್ತೇನೆ.

ಮೊದಲನೆಯದಾಗಿ, ಫಲಕದ ಹೆಸರನ್ನು ಬಿಟ್ಟು ಚಿಪ್ಪಿನ ಮೇಲಿನ ಬರಹವನ್ನು ಓದಬೇಕು. ಜಾಲಸಂಪರ್ಕದ ಚಿಪ್ಪು, ವಿದ್ಯುನ್ನಿಯಂತ್ರಕ, ಸ್ಮೃತಿಯ ಚಿಪ್ಪು ಇವುಗಳ ಅಂಕಿತಗಳನ್ನೂ ಬರೆದುಕೊಳ್ಳಬೇಕು. ಅನಂತರ ಅದೇ ಚಿಪ್ಪುಳ್ಳ, ಪಟ್ಟಿಯಲ್ಲಿರುವ ಫಲಕಗಳಲ್ಲಿ ಇದಕ್ಕೆ ಅತ್ಯಂತ ಹತ್ತಿರದ ಬಂಧು ಯಾವುದೆಂದು ಹೋಲಿಸಬೇಕು.

ಎರಡನೆಯದಾಗಿ, ಫಲಕದ ಮಾತನ್ನು ಕೇಳುವ ಏರ್ಪಾಡು ಮಾಡಿಕೊಳ್ಳಬೇಕು. ಪರದೆಯು ಬೆಳಗುವುದಕ್ಕೆ ಮೊದಲೇ ನಡೆಯುವ ಕ್ರಿಯೆಗಳೆಲ್ಲ ಮೂರು ಕಾಲುಗಳ ಸರಣಿದ್ವಾರದಲ್ಲಿ ಅಕ್ಷರರೂಪವಾಗಿ ಹೊರಬರುತ್ತವೆ. ವೇಗ ೧,೧೫,೨೦೦ ಬಾಡ್. ಅದಕ್ಕೆ ಜೋಡಿಸುವ ತಂತಿಯು ೩.೩ ವೋಲ್ಟಿನದಾಗಿರಬೇಕು, ೫ ವೋಲ್ಟಿನದಾದರೆ ಚಿಪ್ಪಿಗೆ ಅಪಾಯ. ಈ ತಂತಿಯಿಲ್ಲದೆ ಕೆಲಸಕ್ಕಿಳಿದವನು ನಾಡಿ ನೋಡದೆ ಮದ್ದು ಕೊಟ್ಟಂತೆ.

ಮೂರನೆಯದಾಗಿ ವಿತರಣೆಯ ಆಯ್ಕೆ. ಸ್ಲೊವೇನಿಯದ ಇಗೋರ್ ಪೆಚೋವ್ನಿಕ್ ಆರಂಭಿಸಿದ ‘ಆರ್ಮ್‌ಬಿಯನ್’ ಇಂಥ ಫಲಕಗಳಿಗೆಂದೇ ಇದೆ. ನಾನು ಡೆಬಿಯನ್ನನ್ನು ಆರಿಸಿಕೊಂಡುದಕ್ಕೆ ಕಾರಣ, ಅದರ ಸ್ಥಾಪಕವು ಪಾಠದಂತಿರುವುದು. ಅಲ್ಲಿ ಕಾರ್ಡಿನ ಪ್ರತಿಬಿಂಬವು ಎರಡು ತುಂಡುಗಳಾಗಿ ದೊರೆಯುತ್ತದೆ. ಒಂದು ‘ಫರ್ಮ್‌ವೇರ್’, ಫಲಕಫಲಕಕ್ಕೂ ಬೇರೆ. ಇನ್ನೊಂದು ‘ಪಾರ್ಟಿಷನ್’, ಎಲ್ಲಕ್ಕೂ ಒಂದೇ. ಎರಡನ್ನೂ ಒಂದರ ಹಿಂದೊಂದು ಕೂಡಿಸಿ ಕಾರ್ಡಿಗೆ ಬರೆದರೆ ಸ್ಥಾಪಕವು ಸಿದ್ಧ. ಮೊದಲ ತುಂಡಿಗೆ ಬಂಧುಫಲಕದ್ದನ್ನು ಹಾಕಿದೆ. ಸರಣಿದ್ವಾರದಲ್ಲಿ ಯು-ಬೂಟಿನ ಹೆಸರು ಕಂಡಿತು. ಅಂದರೆ ಸ್ಮೃತಿಯ ಲೆಕ್ಕವು ಹೊಂದಿತೆಂದರ್ಥ. ಅದು ತಪ್ಪಿದ್ದರೆ ಅಲ್ಲಿಯವರೆಗೂ ಬರುತ್ತಿರಲಿಲ್ಲ.

ನಾಲ್ಕನೆಯದಾಗಿ, ವ್ಯತ್ಯಾಸಗಳನ್ನು ಸಾಧನವೃಕ್ಷದಲ್ಲಿ ತಿದ್ದಬೇಕು. ಅದರ ಮೂಲವು ಸಾಮಾನ್ಯ ಅಕ್ಷರಕಡತ. ‘ಡಿಟಿಸಿ’ ಎಂಬ ಉಪಕರಣವು ಅದನ್ನು ಯಂತ್ರರೂಪಕ್ಕೆ ಪರಿವರ್ತಿಸುತ್ತದೆ. ಸಂಸ್ಕಾರಕಕ್ಕೆ ಹೋಗುವ ವೋಲ್ಟೇಜನ್ನು ಕೆಲವು ಫಲಕಗಳಲ್ಲಿ ಅನೇಕ ಹಂತಗಳಲ್ಲಿ ಬದಲಿಸಬಹುದು, ಕೆಲವುಗಳಲ್ಲಿ ಎರಡೇ ಹಂತ. ನನ್ನ ಫಲಕವು ಎರಡನೆಯ ಬಗೆಯದು, ಬಂಧುವು ಮೊದಲನೆಯ ಬಗೆಯದು. ಆ ಕೆಲವು ಸಾಲುಗಳನ್ನೂ ದೀಪದ ಕಾಲುಗಳನ್ನೂ ಎರಡು ಹಂತದ ಮತ್ತೊಂದು ಫಲಕದ ವೃಕ್ಷವನ್ನು ನೋಡಿ ಬದಲಿಸಿದೆ. ತಿದ್ದಿದ ಸಾಲುಗಳು ಒಟ್ಟು ಮೂವತ್ತನ್ನು ಮೀರಲಿಲ್ಲ.

ಇನ್ನು ಕೆಲವು ಸಣ್ಣ ಸಂಗತಿಗಳು. ಫಲಕವು ನಡುವೆ ನಿಂತುಹೋದರೆ ಲಿನಕ್ಸನ್ನು ದೂರುವ ಮೊದಲು ವಿದ್ಯುತ್ತಿನ ತಂತಿಯನ್ನು ಪರೀಕ್ಷಿಸಬೇಕು. ಸಪೂರವಾದ ತಂತಿಯಲ್ಲಿ ೫ ವೋಲ್ಟು ಇಳಿದುಹೋಗುತ್ತದೆ. ಇಳಿಸಿಕೊಂಡ ಕಡತದ ಮೊತ್ತವನ್ನು ತಾಳೆನೋಡದೆ ಕಾರ್ಡಿಗೆ ಬರೆಯಬಾರದು. ಗಡಿಯಾರಕ್ಕೆ ಬ್ಯಾಟರಿ ಇಲ್ಲದ ಫಲಕವು ಕರೆಂಟು ಹೋಗಿಬಂದಾಗ ಹಳೆಯ ದಿನಾಂಕದಲ್ಲಿ ಏಳುತ್ತದೆ. ಜಾಲದಿಂದ ಕಾಲವನ್ನು ತಿದ್ದಿಕೊಳ್ಳುವವರೆಗೆ ಸುರಕ್ಷಿತ ತಾಣಗಳು ಅದನ್ನು ಒಳಗೆ ಬಿಡುವುದಿಲ್ಲ.

ಕನ್ನಡದ ಕೆಲಸ

ಇಷ್ಟೆಲ್ಲ ಶ್ರಮ ಏತಕ್ಕೆಂದು ಕೇಳುವವರಿರಬಹುದು. ಕನ್ನಡ ಐಚ್ಛಿಕವನ್ನು ಓದುತ್ತಿರುವ ನನ್ನ ಸಹಪಾಠಿಯೊಬ್ಬರಿಗೆ ದೃಷ್ಟಿ ಬಹಳ ಮಂದ. ಪುಸ್ತಕವನ್ನು ಓದಿ ಹೇಳುವವರು ದೊರೆತಾಗಲೇ ಅವರ ವ್ಯಾಸಂಗ. ಓದುವವರಿಗೆ ಬಿಡುವಿಲ್ಲದಿದ್ದರೆ ಆ ದಿನ ಪಾಠವಿಲ್ಲ. ಹೊಸ ಗಣಕವನ್ನು ಕೊಳ್ಳುವ ಸ್ಥಿತಿ ಅವರದಲ್ಲ.

ಡೆಬಿಯನ್ನಿನ ಭಂಡಾರದಲ್ಲಿ ‘ಈಸ್ಪೀಕ್-ಎನ್‌ಜಿ’ ಎಂಬ ವಾಚಕ ತಂತ್ರಾಂಶವಿದೆ; ಅದರಲ್ಲಿ ಕನ್ನಡವೂ ಇದೆ. ಪರದೆಗೆ ‘ಗುಬ್ಬಿ’, ‘ನವಿಲು’ ಅಕ್ಷರಮಾದರಿಗಳೂ, ಬರೆಯುವುದಕ್ಕೆ ನಾಡೋಜ ಕೆ. ಪಿ. ರಾವ್ ಅವರ ಕೀಲಿವಿನ್ಯಾಸವೂ ದೊರೆಯುತ್ತವೆ. ಪಾಠಗಳನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಫಲಕದಲ್ಲಿಟ್ಟೆವು. ಒಂದು ಕೀಲಿಗೆ ಓದು, ಇನ್ನೊಂದಕ್ಕೆ ನಿಲುಗಡೆ, ಮತ್ತೊಂದಕ್ಕೆ ಹಿಂದಿನ ಪರಿಚ್ಛೇದ. ಅದರ ಧ್ವನಿಯು ಯಾಂತ್ರಿಕವಾದುದು. ಪದ್ಯದ ಗತಿಯನ್ನು ಅದು ಅರಿಯದು. ಆದರೆ ರಾತ್ರಿ ಹನ್ನೊಂದಕ್ಕೂ ಬೇಸರಿಸದೆ ಒಂದೇ ಪುಟವನ್ನು ಹತ್ತು ಸಲ ಓದುತ್ತದೆ. ಯಾರ ಬಿಡುವನ್ನೂ ಕಾಯದೆ ತಾವೇ ಒಂದು ಅಧ್ಯಾಯವನ್ನು ಮುಗಿಸಿದ ದಿನ ಆ ಸಹಪಾಠಿಯು, ಇನ್ನು ಮೇಲೆ ಓದುವವರ ಬಳಿಗೆ ಅನುಮಾನಗಳನ್ನು ಮಾತ್ರ ತರುವೆನೆಂದು ಹೇಳಿದರು.

ಮಿತಿಗಳು

ಎಲ್ಲವೂ ಸಾಧ್ಯವೆಂದು ಹೇಳುವುದು ತಪ್ಪು. ಎಚ್-೩ರ ಚಿತ್ರಸಂಸ್ಕಾರಕಕ್ಕೆ ಮುಕ್ತ ಚಾಲಕವಾದ ‘ಲಿಮಾ’ ಮೂಲ ಲಿನಕ್ಸಿಗೆ ಸೇರಿದುದು ೨೦೧೯ರಲ್ಲಿ. ಅಲ್ಲಿಯವರೆಗೆ ಆ ಭಾಗವು ತಯಾರಕರ ಮುಚ್ಚಿದ ತಂತ್ರಾಂಶವನ್ನೇ ಅವಲಂಬಿಸಿತ್ತು. ಕೆಲವು ನಿಸ್ತಂತು ಚಿಪ್ಪುಗಳಿಗೆ ಇಂದಿಗೂ ಮೂಲ ಲಿನಕ್ಸಿನಲ್ಲಿ ಚಾಲಕವಿಲ್ಲ. ಅಲ್ಲಿ ತಂತಿಯ ಸಂಪರ್ಕವೇ ಗತಿ. ತಯಾರಕರ ಸಹಿಯಿಲ್ಲದ ಬೂಟ್‌ಲೋಡರನ್ನು ಒಪ್ಪದಂತೆ ಬೀಗ ಹಾಕಿದ ಚಿಪ್ಪುಗಳೂ ಉಂಟು. ಅಂಥವುಗಳ ಮೇಲೆ ತಿಂಗಳುಗಟ್ಟಲೆ ಶ್ರಮಿಸುವುದು ವಿವೇಕವಲ್ಲ. ೧ ಗಿಗಾಬೈಟ್ ಸ್ಮೃತಿಯಲ್ಲಿ ಇಂದಿನ ಭಾರವಾದ ಜಾಲತಾಣಗಳು ತೆವಳುತ್ತವೆಂಬುದನ್ನೂ ಒಪ್ಪಬೇಕು.

ಆದರೂ ಆಯುಷ್ಯದ ಭಯವಿಲ್ಲ. ೩೨ ಬಿಟ್ಟಿನ ಕಾಲಗಣನೆಯು ೨೦೩೮ರ ಜನವರಿ ೧೯ರಂದು ಮುಗಿದುಹೋಗುತ್ತದೆ. ೨೦೨೫ರ ಆಗಸ್ಟಿನಲ್ಲಿ ಪ್ರಕಟವಾದ ಡೆಬಿಯನ್ ೧೩ರಲ್ಲಿ ‘ಆರ್ಮ್-ಎಚ್‌ಎಫ್’ ಫಲಕಗಳಿಗೂ ೬೪ ಬಿಟ್ಟಿನ ಕಾಲಗಣನೆಯನ್ನು ಅಳವಡಿಸಿದ್ದಾರೆ. ತಯಾರಕರು ಎರಡು ವರ್ಷಕ್ಕೆ ಮರೆತ ಯಂತ್ರಗಳಿಗಾಗಿ, ಅದರಿಂದ ಒಂದು ಕಾಸೂ ಲಾಭವಿಲ್ಲದವರು ಹದಿಮೂರು ವರ್ಷ ಮುಂದಿನದನ್ನು ಯೋಚಿಸಿದ್ದಾರೆ!

ಅವರಿಗೆ ನಾವು ಸಲ್ಲಿಸಬಹುದಾದ ಪ್ರತಿಫಲವು ಒಂದೇ: ನಾವು ಕಂಡುಕೊಂಡುದನ್ನು ನಾವೂ ಬರೆದಿಡುವುದು. ನನ್ನ ಫಲಕದ ಸಾಧನವೃಕ್ಷವನ್ನೂ ಚಿಪ್ಪುಗಳ ಪಟ್ಟಿಯನ್ನೂ ಪ್ರತಿಮಾಡಿ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಮನೆಯಲ್ಲಿಯೋ ಪರಿಚಯದ ಅಂಗಡಿಯಲ್ಲಿಯೋ ಇಂಥ ಫಲಕವು ಧೂಳು ತಿನ್ನುತ್ತಿದ್ದರೆ ಮಿತ್ರರು ಅದನ್ನು ತರಲಿ. ಚಿಪ್ಪಿನ ಮೇಲಿನ ಬರಹವನ್ನು ಓದುವುದರಿಂದ ಆರಂಭಿಸೋಣ. ಓದಿ ಹೇಳುವವರಿಗಾಗಿ ಕಾಯುತ್ತಿರುವ ವಿದ್ಯಾರ್ಥಿಗಳು ನಮ್ಮ ಕಾಲೇಜಿನಲ್ಲಿ ಇನ್ನೂ ಇದ್ದಾರೆ.